ಕಲ್ಯಾಣದ ಹಳಿ, ರಾಯಚೂರಿನ ಎರೆ

ಮುಂಬಯಿಯಿಂದ ಹೊರಟ ರೈಲು ಠಾಣೆ, ಡೊಂಬಿವಲಿ ದಾಟಿ ಕಲ್ಯಾಣ ಮುಟ್ಟಿದ ಮೇಲೆ ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಕಸಾರಾ ಘಾಟಿ ಹತ್ತಿ, ನಾಸಿಕ ಮತ್ತು ಭುಸಾವಳದ ಮೇಲಿಂದ ವಿದರ್ಭಕ್ಕೆ ಹೋಗುತ್ತದೆ. ಇನ್ನೊಂದು ಕರ್ಜತ್ ದಾಟಿ, ಬೋರ್ ಘಾಟಿ ಏರಿ, ಪುಣೆ, ಸೋಲಾಪುರ, ಕಲಬುರಗಿ, ರಾಯಚೂರಿನ ಕಡೆ ಇಳಿಯುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವ ಕನ್ನಡಿಗರಿಗೆ ಈ ಎರಡನೆಯ ದಾರಿ ಕಣ್ಣು ಮುಚ್ಚಿದರೂ ಗೊತ್ತು.

ಈ ಎರಡೂ ಹಳಿಗಳು ಹೋಗಿ ಸೇರುವುದು ಒಂದೇ ಬಗೆಯ ನೆಲವನ್ನು. ಅದು ಕಪ್ಪು ನೆಲ. ಉತ್ತರ ಕರ್ನಾಟಕದವರು ಅದನ್ನು ಎರೆ ಎನ್ನುತ್ತಾರೆ. ಹಳಿ ಹಾಕಿದವರಿಗೆ ಬೇಕಾಗಿದ್ದದ್ದೂ ಆ ಎರೆಯಲ್ಲಿ ಬೆಳೆಯುವ ಹತ್ತಿಯೇ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1853ರಲ್ಲಿ ಠಾಣೆ ಮುಟ್ಟಿತು, 1854ರಲ್ಲಿ ಕಲ್ಯಾಣಕ್ಕೆ ಬಂತು. ಈಶಾನ್ಯದ ಕವಲು 1867ರಲ್ಲಿ ನಾಗಪುರ ತಲುಪಿತು. ಆಗ್ನೇಯದ ಕವಲು 1871ರಲ್ಲಿ ರಾಯಚೂರಿಗೆ ಹೋಗಿ, ಅತ್ತಲಿಂದ ಬಂದ ಮದ್ರಾಸ್ ರೈಲ್ವೆಯನ್ನು ಕೂಡಿತು. ಅಲ್ಲಿಂದಾಚೆ ವಿದರ್ಭದ ಅರಳೆಯಾಗಲಿ, ರಾಯಚೂರಿನ ಅರಳೆಯಾಗಲಿ, ಬೊಂಬಾಯಿಗೆ ರೈಲಿನಲ್ಲಿ ಹೋಗಬೇಕೆಂದರೆ ಕಲ್ಯಾಣದ ಮೇಲೆಯೇ ಹಾಯಬೇಕಿತ್ತು.

ಬಟ್ಟೆ ಕಲ್ಯಾಣಕ್ಕೆ ಹೊಸದಲ್ಲ. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ವರ್ತಕ ಈ ಬಂದರಿನಿಂದ ಹಡಗೇರುತ್ತಿದ್ದ ಸರಕುಗಳಲ್ಲಿ ಹಿತ್ತಾಳೆ ಮತ್ತು ಮರದ ಜತೆಗೆ ಬಟ್ಟೆಯನ್ನೂ ಹೆಸರಿಸಿದ್ದಾನೆ. ರೈಲು ಬಂದ ಮೇಲೆ ಬದಲಾದದ್ದು ಪ್ರಮಾಣ. ಅದರ ಹಿಂದೆಯೇ ಬೀಜವೂ ಬದಲಾಯಿತು. ಬೀಜ ಬದಲಾದಾಗ ಅದನ್ನು ಹೊತ್ತ ಮಣ್ಣಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ. ಅದು ಗಟ್ಟಿ ದನಿಯಲ್ಲಿ ಕೇಳಿಬಂದದ್ದು 1998ರ ಚಳಿಗಾಲದಲ್ಲಿ, ರಾಯಚೂರು ಜಿಲ್ಲೆಯಲ್ಲಿ.

ಮೊದಲ ಪರದೇಶಿ ಬೀಜ

ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಮೊದಲಿನಿಂದ ಬೆಳೆಯುತ್ತಿದ್ದದ್ದು ಜವಾರಿ ಹತ್ತಿ. ಎಳೆ ಗಿಡ್ಡ, ಇಳುವರಿ ಕಡಿಮೆ, ಆದರೆ ಬೇರು ಆಳಕ್ಕಿಳಿದು ಹಿಂಗಾರಿನ ಒಣಹವೆಯಲ್ಲೂ ತಾಳುವ ಗಿಡ. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು.

ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆ ಬೇಕಾಗಿತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ತೋಟಗಾರರನ್ನು ಕರೆಸಿತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಪ್ರಯೋಗ ನಡೆಯಿತು. ಆ ಕಾಲದಲ್ಲಿ ಹಿಂದೂಸ್ತಾನದ ಬೇರೆ ಕಡೆಗಳಲ್ಲಿ ಇಂಥ ಪ್ರಯೋಗಗಳು ಬಹುಪಾಲು ಸೋತವು, ಧಾರವಾಡದಲ್ಲಿ ಮಾತ್ರ ಬೀಜ ನೆಲೆಯೂರಿ ಧಾರವಾಡ-ಅಮೆರಿಕನ್ ಎಂಬ ಹೆಸರು ಪಡೆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು.

ಬೆಲೆಯ ಜತೆಗೆ ಬೆರಕೆಯೂ ಬಂತು. ಜಿನ್ನಿನಲ್ಲಿ ಜವಾರಿ ಮತ್ತು ಅಮೆರಿಕನ್ ಅರಳೆ ಬೆರೆತವು. ಅರಳೆಯಿಂದ ಬಿಡಿಸಿದ ಬೀಜವೂ ಬೆರೆತು ಮರುವರ್ಷ ಹೊಲಕ್ಕೆ ಬಿತ್ತು. ಬೊಂಬಾಯಿ ಸರ್ಕಾರ 1863ರಲ್ಲಿ ಹತ್ತಿ ಬೆರಕೆ ತಡೆಯಲು ಒಂದು ಕಾಯ್ದೆಯನ್ನೇ ತಂದಿತು. ಕಾಯ್ದೆಗೆ ಕಾಣುತ್ತಿದ್ದದ್ದು ದೊಡ್ಡ ಮೂಟೆ, ಹೊಲದಲ್ಲಿ ಬೀಜದೊಳಗೆ ಬೆರೆತದ್ದನ್ನು ಹಿಡಿಯುವ ದಾರಿ ಅದಕ್ಕಿರಲಿಲ್ಲ. ನೂರೈವತ್ತು ವರ್ಷದ ಮೇಲೆ ಇದೇ ಕಥೆ ಇನ್ನೊಂದು ರೂಪದಲ್ಲಿ ಮರಳಿ ಬರಲಿತ್ತು.

ಸ್ವಾತಂತ್ರ್ಯದ ನಂತರ ಅಮೆರಿಕನ್ ಜಾತಿಯ ಹತ್ತಿ ಹಬ್ಬುತ್ತ ಹೋಯಿತು. 1970ರಲ್ಲಿ ಸೂರತ್ತಿನಿಂದ ಎಚ್-4 ಎಂಬ ಸಂಕರಣ ತಳಿ ಬಂತು. ಎರಡು ವರ್ಷದಲ್ಲಿ ಧಾರವಾಡದ ವಿಜ್ಞಾನಿ ಬಿ. ಎಚ್. ಕಟರಕಿ ವರಲಕ್ಷ್ಮಿ ತಳಿಯನ್ನು ಕೊಟ್ಟರು. ಇಳುವರಿ ಏರಿತು. ಆದರೆ ಸಂಕರಣ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು, ಗೊಬ್ಬರ ಹೆಚ್ಚು ಹಾಕಬೇಕು, ಹಸಿರಾಗಿ ದಟ್ಟವಾಗಿ ಬೆಳೆದ ಗಿಡಕ್ಕೆ ಬೀಳುವ ಹುಳುವನ್ನೂ ಕಾಯಬೇಕು. ದೇಶದ ಸಾಗುವಳಿ ನೆಲದಲ್ಲಿ ಹತ್ತಿಯ ಪಾಲು ಶೇಕಡಾ 5ರಷ್ಟಿದ್ದರೂ ಒಟ್ಟು ಕೀಟನಾಶಕದ ಅರ್ಧದಷ್ಟು ಅದೊಂದಕ್ಕೇ ಸುರಿಯುವ ಕಾಲ ಬಂತು. ಕಲ್ಯಾಣದ ಆಚೀಚೆ ಅಂಬರನಾಥ, ಡೊಂಬಿವಲಿ, ಠಾಣೆ-ಬೇಲಾಪುರ ಪಟ್ಟಿಗಳಲ್ಲಿ ರಾಸಾಯನಿಕ ಕಾರ್ಖಾನೆಗಳು ಸಾಲುಗಟ್ಟಿದ್ದೂ ಇದೇ ದಶಕಗಳಲ್ಲಿ. ಠಾಣೆಯ ಕೋಲ್ಶೆತ್ ರಸ್ತೆಯಲ್ಲಿ ಜರ್ಮನಿಯ ಬೇಯರ್ ಕಂಪನಿಯ ಕಾರ್ಖಾನೆ ಇತ್ತು. ಬೆಳೆಗೆ ಹೊಡೆಯುವ ಔಷಧಿ ಅಲ್ಲಿ ತಯಾರಾಗುತ್ತಿತ್ತು.

ಸಿಂಪಡಿಸಿದ ಔಷಧಿಯಲ್ಲಿ ಒಂದು ಪಾಲು ಎಲೆಯ ಮೇಲೆ ಕೂತರೆ ಇನ್ನೊಂದು ಪಾಲು ನೆಲಕ್ಕೆ ಬೀಳುತ್ತದೆ. ಎರೆಹುಳು, ಜೇಡ, ಗುಲಗಂಜಿ ಹುಳು, ಕಣ್ಣಿಗೆ ಕಾಣದ ಜೀವಿಗಳು ಯಾವುದನ್ನೂ ಅದು ಬಿಡುವುದಿಲ್ಲ. ಬಿಟಿ ಹತ್ತಿಯ ಕಥೆ ಶುರುವಾಗುವ ಹೊತ್ತಿಗೆ ಎರೆಮಣ್ಣು ಎರಡು-ಮೂರು ದಶಕ ಈ ಮಳೆಯಲ್ಲಿ ನೆನೆದಿತ್ತು.

ಮಣ್ಣಿನಿಂದಲೇ ಬಂದ ವಿಷ

ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತಾ ಎಂಬ ವಿಜ್ಞಾನಿ ಸತ್ತ ರೇಷ್ಮೆಹುಳುಗಳಲ್ಲಿ ಇದನ್ನು ಕಂಡ. 1911ರಲ್ಲಿ ಜರ್ಮನಿಯ ಥುರಿಂಜಿಯಾದಲ್ಲಿ ಎರ್ನ್‌ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದ ಹುಳುವಿನಲ್ಲಿ ಕಂಡು ಆ ಪ್ರಾಂತ್ಯದ ಹೆಸರಿಟ್ಟ. ಇದು ಮಣ್ಣಿನಲ್ಲಿ ತಾನಾಗಿಯೇ ಇರುವ ಜೀವಿ. ಇದರೊಳಗೆ ಹರಳಿನ ರೂಪದ ಒಂದು ಪ್ರೋಟೀನು ಇರುತ್ತದೆ. ಕೆಲವು ಜಾತಿಯ ಹುಳುಗಳ ಹೊಟ್ಟೆಯ ಕ್ಷಾರದಲ್ಲಿ ಅದು ಕರಗಿ ಕರುಳಿನ ಗೋಡೆಗೆ ತೂತು ಕೊರೆಯುತ್ತದೆ. ಮನುಷ್ಯರ, ದನಕರುಗಳ ಹೊಟ್ಟೆಯಲ್ಲಿ ಆ ಪ್ರೋಟೀನು ಹಿಡಿದುಕೊಳ್ಳುವ ಜಾಗವೇ ಇಲ್ಲ. ಫ್ರಾನ್ಸಿನಲ್ಲಿ 1938ರಿಂದಲೇ ಇದು ಸಿಂಪಡಿಸುವ ಪುಡಿಯಾಗಿ ಮಾರಾಟಕ್ಕಿತ್ತು.

ಪುಡಿಗೂ ಗಿಡಕ್ಕೂ ಒಂದು ದೊಡ್ಡ ಅಂತರವಿದೆ. ಪುಡಿ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕೆಡುತ್ತದೆ. ಈ ಪ್ರೋಟೀನು ಮಾಡುವ ವಂಶವಾಹಿಯನ್ನು ಗಿಡದೊಳಗೆ ಸೇರಿಸಿದರೆ ಎಲೆ, ಕಾಂಡ, ಬೇರು ಎಲ್ಲದರಲ್ಲೂ ಬೆಳೆಯ ಕಾಲವಿಡೀ ಅದು ತಯಾರಾಗುತ್ತಿರುತ್ತದೆ. ಎಲೆ ಉದುರಿದಾಗ, ಬೇರು ಕೊಳೆತಾಗ, ಕಟ್ಟಿಗೆ ಮುರಿದು ಹೊಲದಲ್ಲೇ ಬಿದ್ದಾಗ ಅದು ಮಣ್ಣಿಗೆ ಸೇರುತ್ತದೆ. ಸೇರಿದ ಮೇಲೆ ಎಷ್ಟು ಕಾಲ ಇರುತ್ತದೆ, ಯಾರನ್ನು ಮುಟ್ಟುತ್ತದೆ ಎಂಬುದೇ ಮಣ್ಣಿನ ಪ್ರಶ್ನೆ.

ಅಮೆರಿಕದಲ್ಲಿ ಮಾನ್ಸಾಂಟೊ ಕಂಪನಿಯ ಬಿಟಿ ಹತ್ತಿ 1996ರಲ್ಲಿ ಪೇಟೆಗೆ ಬಂತು. ಅದೇ ವರ್ಷ ಜಾಲನಾದ ಮಹಿಕೋ ಕಂಪನಿ ಈ ಬೀಜದ 100 ಗ್ರಾಂ ತರಿಸಿಕೊಂಡಿತು. ಬದ್ರಿನಾರಾಯಣ ಬರವಾಲೆ 1964ರಲ್ಲಿ ಕಟ್ಟಿದ ಕಂಪನಿ ಅದು. ತನ್ನ ಸಂಕರಣ ತಳಿಗಳೊಂದಿಗೆ ಅಮೆರಿಕದ ಬೀಜವನ್ನು ಮತ್ತೆ ಮತ್ತೆ ಕೂಡಿಸಿ, 1998ರ ಹೊತ್ತಿಗೆ ಒಂಬತ್ತು ರಾಜ್ಯಗಳ 40 ಕಡೆ ಹೊಲದ ಪ್ರಯೋಗಕ್ಕೆ ಇಳಿಯಿತು. ಅವುಗಳಲ್ಲಿ ರಾಯಚೂರು ಜಿಲ್ಲೆಯ ಹೊಲವೂ ಇತ್ತು.

ಬೆಂಕಿ ಬಿದ್ದ ಹೊಲ

ಆ ವರ್ಷ ನವೆಂಬರ್ ಕೊನೆಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಹೊಲಕ್ಕಿಳಿದು ಬಿಟಿ ಹತ್ತಿ ಗಿಡಗಳನ್ನು ಕಿತ್ತು ಗುಡ್ಡೆ ಹಾಕಿ ಬೆಂಕಿ ಇಟ್ಟರು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ಇದಕ್ಕೆ ‘ಆಪರೇಷನ್ ಕ್ರಿಮೇಟ್ ಮಾನ್ಸಾಂಟೊ’ ಎಂದು ಹೆಸರಿಟ್ಟಿದ್ದರು. ಹೊಲದಲ್ಲಿ ನೆಟ್ಟದ್ದು ಏನೆಂದು ಹೊಲದ ಒಡೆಯನಿಗೇ ತಿಳಿಸಿರಲಿಲ್ಲ ಎಂಬುದು ರೈತ ಸಂಘದ ಆರೋಪ. ಇದೇ ಸಂಘ 1993ರಲ್ಲಿ ಬಳ್ಳಾರಿಯ ಕಾರ್ಗಿಲ್ ಬೀಜ ಘಟಕದ ಮೇಲೆ ದಾಳಿ ಮಾಡಿತ್ತು. ಬೀಜ ಯಾರ ಕೈಯಲ್ಲಿರಬೇಕು ಎಂಬುದೇ ಅದರ ಹೋರಾಟದ ತಿರುಳು.

1998ರ ವಾದದಲ್ಲಿ ಹಲವು ಎಳೆಗಳು ಸಿಕ್ಕಿಬಿದ್ದಿದ್ದವು. ಆ ವರ್ಷವೇ ಅಮೆರಿಕದಲ್ಲಿ ‘ಟರ್ಮಿನೇಟರ್’ ಎಂದು ಹೆಸರಾದ, ಎರಡನೆಯ ತಲೆಮಾರಿನಲ್ಲಿ ಮೊಳೆಯದ ಬೀಜದ ತಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ರಾಯಚೂರಿನ ಹೊಲದಲ್ಲಿದ್ದದ್ದು ಅದಲ್ಲ, ಬಿಟಿ. ಆದರೂ ಜನರ ಮಾತಿನಲ್ಲಿ ಎರಡೂ ಒಂದಾದವು. ಬೀಜದ ಒಡೆತನದ ಗಲಾಟೆಯಲ್ಲಿ ಮಣ್ಣಿನ ಪ್ರಶ್ನೆ ಒಂದು ಸಾಲಾಗಿ ಮಾತ್ರ ಉಳಿಯಿತು. ಈ ಬೆಳೆ ನೆಲದ ಜೀವವನ್ನು ಕೊಲ್ಲುತ್ತದೆ ಎಂದು ಒಂದು ಕಡೆಯವರು ಹೇಳಿದರು. ಪರೀಕ್ಷೆ ಮಾಡಿದ್ದೇವೆ, ಏನೂ ಆಗುವುದಿಲ್ಲ ಎಂದು ಇನ್ನೊಂದು ಕಡೆಯವರು ಹೇಳಿದರು. ಪರೀಕ್ಷೆ ಮಾಡಿದವರು ಬೀಜ ಮಾರುವವರೇ ಆಗಿದ್ದರು ಎಂಬುದು ಅನುಮಾನಕ್ಕೆ ಸಾಕಾಗಿತ್ತು.

ಜೇಡಿಗೆ ಅಂಟಿದ ಪ್ರೋಟೀನು

ಆ ಬೆಂಕಿ ಆರಿ ಒಂದು ವರ್ಷಕ್ಕೆ, 1999ರ ಡಿಸೆಂಬರಿನಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ದೀಪಕ್ ಸಕ್ಸೇನಾ, ಸೌಲ್ ಫ್ಲೋರೆಸ್ ಮತ್ತು ಗುಂಥರ್ ಸ್ಟಾಟ್ಜ್‌ಕಿ ಅದನ್ನು ಬರೆದಿದ್ದರು. ಬಿಟಿ ಮೆಕ್ಕೆಜೋಳದ ಬೇರು ಈ ಪ್ರೋಟೀನನ್ನು ಮಣ್ಣಿಗೆ ಸ್ರವಿಸುತ್ತದೆ, ಮಣ್ಣಿನಲ್ಲಿ ಅದು ಹುಳುವನ್ನು ಕೊಲ್ಲುವ ಶಕ್ತಿ ಉಳಿಸಿಕೊಂಡಿರುತ್ತದೆ ಎಂದು ಅವರು ತೋರಿಸಿದರು. ಪ್ರೋಟೀನು ಜೇಡಿಯ ಕಣಕ್ಕೆ ಅಂಟಿಕೊಂಡರೆ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ತಿಂದು ಮುಗಿಸಲಾರವು ಎಂದು ಸ್ಟಾಟ್ಜ್‌ಕಿಯವರ ಪ್ರಯೋಗಾಲಯ ಮೊದಲೇ ಕಂಡುಕೊಂಡಿತ್ತು. ಅಲ್ಲಿನ ಒಂದು ಪ್ರಯೋಗದಲ್ಲಿ 234 ದಿನಗಳ ಮೇಲೂ ಅದು ಮಣ್ಣಿನಲ್ಲಿ ಚುರುಕಾಗಿತ್ತು.

ಅವರು ಬಳಸಿದ ಜೇಡಿಗಳಲ್ಲಿ ಒಂದರ ಹೆಸರು ಮಾಂಟ್‌ಮೊರಿಲೊನೈಟ್. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಜೇಡಿ. ವಿದರ್ಭದ ಮತ್ತು ರಾಯಚೂರಿನ ಎರೆಗೆ ಆ ಗುಣ ಬಂದಿರುವುದು ಇದೇ ಬಗೆಯ ಜೇಡಿಯಿಂದ. ಬೇಸಿಗೆಯಲ್ಲಿ ಎರೆಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕು ಬಿಡುತ್ತದೆ. ಮೇಲೆ ಉದುರಿದ ಎಲೆ, ಕಸ ಆ ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಮಣ್ಣು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ರೈತರು ಹೇಳುವುದು ಇದಕ್ಕೇ. ಪಕ್ಕದ ಮಸಾರಿಯ ಕೆಂಪು ಮಣ್ಣಿನ ಜೇಡಿ ಬೇರೆ, ಅದು ಇಷ್ಟು ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ನ್ಯೂಯಾರ್ಕಿನ ಈ ಫಲಿತಾಂಶ ಜಗತ್ತಿನ ಯಾವ ಹೊಲಕ್ಕಾದರೂ ಅನ್ವಯಿಸುತ್ತಿದ್ದರೆ ಅದು ದಖ್ಖನ್ನಿನ ಎರೆಹೊಲಕ್ಕೆ.

ಆದರೆ ಅದೇ ಪ್ರಯೋಗಾಲಯದ ಮುಂದಿನ ಫಲಿತಾಂಶಗಳು ಕಥೆಯನ್ನು ಬೇರೆ ಕಡೆ ತಿರುಗಿಸಿದವು. 2001ರಲ್ಲಿ ಸಕ್ಸೇನಾ ಮತ್ತು ಸ್ಟಾಟ್ಜ್‌ಕಿ ಬಿಟಿ ಮೆಕ್ಕೆಜೋಳದ ಮಣ್ಣಿನಲ್ಲಿ ಎರೆಹುಳು, ಜಂತುಹುಳು, ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಲೆಕ್ಕ ಹಾಕಿ ನೋಡಿದರು. ಪ್ರೋಟೀನು ಇತ್ತು, ಆದರೆ ಇವುಗಳಿಗೆ ಕೇಡಾದ ಗುರುತು ಕಾಣಲಿಲ್ಲ. 2004ರಲ್ಲಿ ಬೇರೆ ಬೇರೆ ಬೆಳೆಗಳ ಬೇರನ್ನು ಹೋಲಿಸಿದಾಗ ಮೆಕ್ಕೆಜೋಳ, ಆಲೂಗಡ್ಡೆ, ಭತ್ತ ಸ್ರವಿಸಿದವು, ಹತ್ತಿ ಸ್ರವಿಸಲಿಲ್ಲ. ಅಂದರೆ ಹತ್ತಿಯಲ್ಲಿ ಪ್ರೋಟೀನು ನೆಲ ಸೇರುವ ದೊಡ್ಡ ದಾರಿ ಉದುರಿದ ಎಲೆ ಮತ್ತು ಕೊಳೆತ ಬೇರು. ಅಮೆರಿಕದಲ್ಲಿ ಮೂರರಿಂದ ಆರು ವರ್ಷ ಸತತವಾಗಿ ಬಿಟಿ ಹತ್ತಿ ಬೆಳೆದ ಹೊಲಗಳ ಮಣ್ಣನ್ನು ಪರೀಕ್ಷಿಸಿ ಅದರಲ್ಲಿ ಪ್ರೋಟೀನು ಪತ್ತೆಯಾಗಲಿಲ್ಲ ಎಂದು 2002ರ ಒಂದು ಪ್ರಬಂಧ ಹೇಳಿತು. ಅದರ ಲೇಖಕರಲ್ಲಿ ಮಾನ್ಸಾಂಟೊ ವಿಜ್ಞಾನಿಗಳಿದ್ದರು. ಸ್ಟಾಟ್ಜ್‌ಕಿಯವರಂಥ ಸ್ವತಂತ್ರ ಸಂಶೋಧಕರ ಫಲಿತಾಂಶಗಳೂ ಅದಕ್ಕೆ ಬಹಳ ದೂರ ಇರಲಿಲ್ಲ.

ಅನುಮತಿ, ಆಮೇಲೆ ಎರಡು ಲೆಕ್ಕ

2001ರಲ್ಲಿ ಗುಜರಾತಿನ ಹೊಲಗಳಲ್ಲಿ ನವಭಾರತ್-151 ಎಂಬ ತಳಿ ಹುಳು ಬೀಳದೆ ಬೆಳೆದು ನಿಂತದ್ದು ಸುದ್ದಿಯಾಯಿತು. ಪರೀಕ್ಷಿಸಿದರೆ ಅದರೊಳಗೆ ಬಿಟಿ ವಂಶವಾಹಿ ಇತ್ತು, ಅನುಮತಿ ಇರಲಿಲ್ಲ. ಹೊಲದಲ್ಲಿ ಆಗಲೇ ಇದ್ದದ್ದಕ್ಕೆ ಕಾಗದ 2002ರ ಮಾರ್ಚ್ 26ರಂದು ಬಂತು. ಕೇಂದ್ರದ ಅನುಮೋದನಾ ಸಮಿತಿ ಮಹಿಕೋದ ಮೂರು ತಳಿಗಳಿಗೆ ಕರ್ನಾಟಕ, ಮಹಾರಾಷ್ಟ್ರ ಸೇರಿ ಆರು ರಾಜ್ಯಗಳಲ್ಲಿ ಒಪ್ಪಿಗೆ ಕೊಟ್ಟಿತು. 450 ಗ್ರಾಂ ಬೀಜದ ಪೊಟ್ಟಣಕ್ಕೆ ಸುಮಾರು 1,600 ರೂಪಾಯಿ. ಜತೆಗೆ ಸುತ್ತ ಬಿತ್ತಲು 120 ಗ್ರಾಂ ಬಿಟಿಯಲ್ಲದ ಬೀಜ. ಹುಳುಗಳಿಗೆ ನಿರೋಧ ಬೆಳೆಯದಂತೆ ತಡೆಯಲು ಈ ಸಣ್ಣ ಪೊಟ್ಟಣ. ಇರುವ ನಾಲ್ಕೆಕರೆಯಲ್ಲಿ ಹುಳುವಿಗೆಂದು ಜಾಗ ಬಿಡುವವರು ಕಡಿಮೆ, ಬಹಳ ಕಡೆ ಅದು ಬದುವಿನ ಪಾಲಾಯಿತು.

ಹತ್ತು ವರ್ಷ ತುಂಬುವ ಮೊದಲೇ ದೇಶದ ಹತ್ತಿಯ ಶೇಕಡಾ 90ರಷ್ಟು ಬಿಟಿಯಾಯಿತು. ಈ ಮಧ್ಯೆ ಮಣ್ಣಿನ ಬಗ್ಗೆ ಎರಡು ಬಗೆಯ ಲೆಕ್ಕ ಹೊರಬಂದವು.

ಒಂದು ವಿದರ್ಭದಿಂದ. 2009ರಲ್ಲಿ ವಂದನಾ ಶಿವ ಅವರ ನವಧಾನ್ಯ ಸಂಸ್ಥೆ ಮೂರು ವರ್ಷ ಬಿಟಿ ಬೆಳೆದ 25 ಹೊಲಗಳ ಮಣ್ಣನ್ನು ಪಕ್ಕದ ಹೊಲಗಳ ಮಣ್ಣಿನೊಂದಿಗೆ ಹೋಲಿಸಿತು. ಬಿಟಿ ಹೊಲದಲ್ಲಿ ಆಕ್ಟಿನೊಮೈಸೀಟ್ ಎಂಬ ಸೂಕ್ಷ್ಮಜೀವಿಗಳು ಶೇಕಡಾ 17ರಷ್ಟು, ಬ್ಯಾಕ್ಟೀರಿಯಾ ಶೇಕಡಾ 14ರಷ್ಟು ಕಡಿಮೆ ಎಂದಿತು. ಇನ್ನೊಂದು ಲೆಕ್ಕ ಸರ್ಕಾರಿ ಸಂಸ್ಥೆಗಳಿಂದ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದೇ ವರ್ಷ ಪ್ರಕಟಿಸಿದ ಅಧ್ಯಯನದಲ್ಲಿ, ಆಮೇಲೆ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರ ಅಧ್ಯಯನದಲ್ಲಿ, ಬಿಟಿಯಿಂದ ಮಣ್ಣಿನ ಜೀವಕ್ಕೆ ಕೇಡು ಕಾಣಲಿಲ್ಲ.

ಎರಡೂ ಲೆಕ್ಕಗಳು ಒಂದೇ ಸಂಗತಿಯನ್ನು ಅಳೆದಿರಲಿಲ್ಲ. ಸಂಸ್ಥೆಯ ತಾಕಿನಲ್ಲಿ ಬಿಟಿಗೂ ಬಿಟಿಯಲ್ಲದ್ದಕ್ಕೂ ಒಂದೇ ಗೊಬ್ಬರ, ಒಂದೇ ನೀರು, ಒಂದೇ ಆರೈಕೆ. ಅಲ್ಲಿ ತಿಳಿಯುವುದು ಆ ಒಂದು ಪ್ರೋಟೀನು ಏನು ಮಾಡುತ್ತದೆ ಎಂಬುದು. ರೈತರ ಹೊಲದಲ್ಲಿ ಹಾಗಿಲ್ಲ. ಬಿಟಿ ಹಾಕಿದವನು ಅದರ ಜತೆಗೆ ಯೂರಿಯಾ, ಡಿಎಪಿ ಹೆಚ್ಚು ಹಾಕಿರುತ್ತಾನೆ, ಜೋಳ ಬಿಟ್ಟು ಹತ್ತಿಯ ಮೇಲೆ ಹತ್ತಿ ಹಾಕಿರುತ್ತಾನೆ, ಸಾಲಿನ ನಡುವಿನ ತೊಗರಿಯನ್ನು ತೆಗೆದಿರುತ್ತಾನೆ. ಅಲ್ಲಿ ವ್ಯತ್ಯಾಸ ಸಿಕ್ಕರೂ ಅದು ಪ್ರೋಟೀನಿನದೋ, ಪದ್ಧತಿಯದೋ ಎಂದು ಬಿಡಿಸಿ ಹೇಳಲಾಗದು. ಮೊದಲನೆಯ ಬಗೆಯ ಪರೀಕ್ಷೆ ಬೀಜವನ್ನು ಬಿಟ್ಟುಕೊಡುತ್ತದೆ, ಎರಡನೆಯದು ರೈತನ ಅನುಭವವನ್ನು ಹಿಡಿಯುತ್ತದೆ. ಎರಡನ್ನೂ ಕೂಡಿಸುವ ಕೆಲಸಕ್ಕೆ, ಅದೇ ಹೊಲಗಳ ಮಣ್ಣನ್ನು 2002ಕ್ಕೆ ಮೊದಲು ಅಳೆದು ಇಟ್ಟುಕೊಂಡಿರಬೇಕಿತ್ತು.

ಬೀಜದ ಹಿಂದೆ ಬಂದದ್ದು

ಪ್ರೋಟೀನಿಗಿಂತ ಅದರ ಬೆನ್ನಿಗೆ ಬಂದ ಬೇಸಾಯವೇ ಎರೆಯನ್ನು ಹೆಚ್ಚು ಬದಲಿಸಿತು ಎಂಬುದಕ್ಕೆ ಆಧಾರ 2020ರಲ್ಲಿ ಸಿಕ್ಕಿತು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೆ. ಆರ್. ಕ್ರಾಂತಿ ಮತ್ತು ಮಾನವಶಾಸ್ತ್ರಜ್ಞ ಗ್ಲೆನ್ ಸ್ಟೋನ್ ಇಪ್ಪತ್ತು ವರ್ಷದ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಿಟಿ ಬಂದ ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ನಿಜವಾಗಿಯೂ ಇಳಿಯಿತು. ಎರೆಯ ಮಟ್ಟಿಗೆ ಅದು ದೊಡ್ಡ ಲಾಭ. ಆಮೇಲೆ ರಸ ಹೀರುವ ಕೀಟಗಳು ಹೆಚ್ಚಿದವು, ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡಿತು, ಔಷಧಿ ಮತ್ತೆ ಏರಿತು. 2018ರ ಹೊತ್ತಿಗೆ ಹತ್ತಿ ರೈತ ಕೀಟನಾಶಕಕ್ಕೆ ಮಾಡುವ ಖರ್ಚು ಬಿಟಿಗೆ ಮೊದಲಿನದಕ್ಕಿಂತ ಹೆಚ್ಚಾಗಿತ್ತು. ಹತ್ತಿಗೆ ಹಾಕುವ ರಾಸಾಯನಿಕ ಗೊಬ್ಬರ 2003ರಿಂದ 2013ರೊಳಗೆ ಎರಡು ಪಟ್ಟು ಮೀರಿತ್ತು. ಇಳುವರಿಯ ಏರಿಕೆಗೂ ಬಿಟಿಗಿಂತ ಗೊಬ್ಬರವೇ ಹೆಚ್ಚಿನ ಕಾರಣ ಎಂಬುದು ಅವರ ತೀರ್ಮಾನ.

ಗುಲಾಬಿ ಕಾಯಿಕೊರಕ ನಿರೋಧ ಪಡೆದದ್ದು ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಪತ್ತೆಯಾಗಿದೆ ಎಂದು 2010ರಲ್ಲಿ ಮಾನ್ಸಾಂಟೊ ತಾನೇ ಒಪ್ಪಿತು. ಎರಡು ವಂಶವಾಹಿಗಳಿದ್ದ ಬೋಲ್‌ಗಾರ್ಡ್-2ರ ಕಾಯಿಯೊಳಗೂ ಕೆಲವೇ ವರ್ಷಗಳಲ್ಲಿ ಹುಳು ಸಿಕ್ಕತೊಡಗಿತು, ರಾಯಚೂರು ಸೀಮೆಯಲ್ಲೂ ಸಿಕ್ಕಿತು. ಹುಳು ಮುಂದಿನ ಬೆಳೆಗೆ ದಾಟದಿರಲು ಹತ್ತಿ ಕಟ್ಟಿಗೆಯನ್ನು ಕಿತ್ತು ನಾಶ ಮಾಡಿ ಎಂಬ ಸಲಹೆ ಬಂತು. ಸುಲಭದ ದಾರಿ ಬೆಂಕಿ. ಮಣ್ಣಿಗೆ ಮರಳಬೇಕಿದ್ದ ಸಾವಯವ ಅಂಶ ಹೊಗೆಯಾಗಿ ಹೋಯಿತು.

ಸಾರ್ವಜನಿಕ ಸಂಸ್ಥೆಯ ಬೀಜವಾದರೂ ಬೇರೆ ದಾರಿ ತೆರೆಯಬಹುದಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಸಂಸ್ಥೆ ಕೂಡಿ ಬಿಕಾನೇರಿ ನರ್ಮಾ ಬಿಟಿ ಎಂಬ ತಳಿಯನ್ನು 2009ರಲ್ಲಿ ಬಿಡುಗಡೆ ಮಾಡಿದವು. ಸಂಕರಣವಲ್ಲದ ತಳಿ, ರೈತ ಬೀಜ ಉಳಿಸಿಕೊಳ್ಳಬಹುದಾಗಿತ್ತು. ಅದರಲ್ಲಿ ಮಾನ್ಸಾಂಟೊದ ವಂಶವಾಹಿ ಬೆರೆತಿರುವುದು ಪತ್ತೆಯಾಗಿ ಬೀಜ ಹಿಂದಕ್ಕೆ ಹೋಯಿತು. ಧಾರವಾಡದ ಜಿನ್ನಿನಲ್ಲಿ 1860ರ ದಶಕದಲ್ಲಿ ಸೋತ ಕಾವಲು ಪ್ರಯೋಗಾಲಯದಲ್ಲೂ ಸೋತಿತ್ತು.

ಬಿಟಿ ಬದನೆಯ ಸರದಿ ಬಂದಾಗ ಸರ್ಕಾರ ಸ್ವಲ್ಪ ನಿಂತು ಕೇಳಿಸಿಕೊಂಡಿತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. 2010ರ ಫೆಬ್ರುವರಿ 9ರಂದು ಬದನೆಗೆ ತಡೆ ಬಿತ್ತು. ಹತ್ತಿಗೆ ಮಾತ್ರ ಹಿಂದಿರುಗಿ ನೋಡುವ ಅವಕಾಶ ಆಗಲೇ ಮುಗಿದಿತ್ತು, ಹೋಲಿಸಿ ನೋಡಲು ಬಿಟಿಯಲ್ಲದ ಹೊಲವೇ ಹೆಚ್ಚು ಉಳಿದಿರಲಿಲ್ಲ.

ಚೀಟಿಯಲ್ಲಿಲ್ಲದ ಅಂಕಣ

2018ರ ಜೂನಿನಲ್ಲಿ ಬೇಯರ್ ಕಂಪನಿ ಮಾನ್ಸಾಂಟೊವನ್ನು ಕೊಂಡುಕೊಂಡಿತು. ಮರುವರ್ಷ ಮಾನ್ಸಾಂಟೊ ಇಂಡಿಯಾ ಬೇಯರ್ ಕ್ರಾಪ್‌ಸೈನ್ಸಿನಲ್ಲಿ ವಿಲೀನವಾಯಿತು. ಆ ಕಂಪನಿಯ ಭಾರತದ ಪ್ರಧಾನ ಕಚೇರಿ ಠಾಣೆಯಲ್ಲಿದೆ. ಹೀಗೆ ರಾಯಚೂರಿನಲ್ಲಿ ಸುಟ್ಟ ಬೀಜದ ವಾರಸುದಾರ ಈಗ ಕಲ್ಯಾಣದಿಂದ ಲೋಕಲ್ ರೈಲಿನಲ್ಲಿ ಮುಟ್ಟುವಷ್ಟು ಹತ್ತಿರ. ಹುಳುವಿಗೆ ಹೊಡೆಯುವ ಔಷಧಿಯೂ, ಹುಳುವಿಗೆಂದೇ ಮಾಡಿದ ಬೀಜವೂ ಒಂದೇ ಮನೆ ಸೇರಿವೆ.

ಈ ಇಪ್ಪತ್ತೈದು ವರ್ಷಗಳ ಲೆಕ್ಕ ನೋಡಿದರೆ ಎರಡೂ ಕಡೆಯವರು ಕೊಂಚ ಕೊಂಚ ಸರಿ ಇದ್ದರು. ಬಿಟಿ ಪ್ರೋಟೀನು ಎರೆಹುಳುವನ್ನು ಕೊಲ್ಲುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಬಿಟಿ ಬಂದ ಮೇಲೆ ನೆಲ ಮೊದಲಿನ ಹಾಗಿಲ್ಲ ಎಂಬ ರೈತರ ಮಾತೂ ಸುಳ್ಳಾಗಲಿಲ್ಲ. ಬೀಜದ ಪೊಟ್ಟಣ ಹೊಲಕ್ಕೆ ಒಂಟಿಯಾಗಿ ಬರುವುದಿಲ್ಲ. ಗೊಬ್ಬರದ ಚೀಲ, ಔಷಧಿಯ ಡಬ್ಬಿ, ಅಂಗಡಿಯ ಸಾಲದ ಪುಸ್ತಕ ಅದರ ಜತೆಗೇ ಬರುತ್ತವೆ. ಅನುಮತಿ ಕೊಟ್ಟವರು ಪೊಟ್ಟಣವನ್ನು ಮಾತ್ರ ಪರೀಕ್ಷಿಸಿದರು.

ಕೇಂದ್ರ ಸರ್ಕಾರ 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ತಂದಿತು. ರಾಯಚೂರಿನ ರೈತನಿಗೂ ಯವತಮಾಳದ ರೈತನಿಗೂ ಅದೇ ಚೀಟಿ. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಎರೆಹುಳುವಿಗೆ ಅದರಲ್ಲಿ ಅಂಕಣವಿಲ್ಲ. ಬ್ಯಾಕ್ಟೀರಿಯಾಕ್ಕಿಲ್ಲ, ಶಿಲೀಂಧ್ರಕ್ಕಿಲ್ಲ, ಕೀಟನಾಶಕದ ಶೇಷಕ್ಕೂ ಇಲ್ಲ. ಮುಂದಿನ ಹೊಸ ಬೀಜ ಕಲ್ಯಾಣದ ಹಳಿ ದಾಟಿ ಎರೆಗೆ ಇಳಿಯುವ ದಿನ, ಅದಕ್ಕೆ ಮೊದಲು ಮಣ್ಣು ಹೇಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿರುವುದು ಈ ಚೀಟಿ ಒಂದೇ.